ಸೃಷ್ಟಿಯ ಗುಳಿಗೆ

ನಮ್ಮ ಸೃಷ್ಟಿಯ ಅಪ್ಪನಿಗೆ,

ನೀವಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ಈಗ ಬರೆಯಲೂ ಕೈ ಬರುತ್ತಿಲ್ಲ.

ಅವತ್ತು ಮುಂಜಾನೆ ಬನಹಟ್ಟಿಯ ಶೆಡ್ಡಿನಲ್ಲಿ ಎದೆ ಹಿಡಿದುಕೊಂಡು ಕುಸಿದಿರಿ. ಮಗ್ಗಗಳ ಸದ್ದಿನಲ್ಲಿ ನೀವು ಕೂಗಿದ್ದು ಯಾರಿಗೂ ಕೇಳಿಸಲಿಲ್ಲವಂತೆ. ಜಮಖಂಡಿಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮೂವತ್ತೆರಡು ಒಂದು ವಯಸ್ಸೇನ್ರಿ? ಬೀಡಿ ಇಲ್ಲ, ಕುಡಿತ ಇಲ್ಲ... ಯಾರ ಮೇಲೆ ಸಿಟ್ಟು ಮಾಡಲಿ ನಾನು?

ಮದುವೆಯಾದ ಹೊಸದರಲ್ಲಿ ನಿಮ್ಮ ಹಿಮ್ಮಡಿಯ ಮೇಲಿನ ಗಂಟು ಏನೆಂದು ಕೇಳಿದ್ದೆ. "ಮಗ್ಗದ ಮುಂದ ನಿಂತು ನಿಂತು ಬಂದೈತಿ," ಎಂದು ನಕ್ಕಿದ್ದಿರಿ. ಅವತ್ತು ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನೇ ಮುಟ್ಟಿ ನೋಡಿದರು. ಕೊಬ್ಬಿನ ಗಂಟಂತೆ. "ಇದು ಹುಟ್ಟಿನಿಂದ ಬಂದದ್ದವ್ವಾ. ಸಣ್ಣವರಿದ್ದಾಗಿಂದ ರಕ್ತನಾಳದಾಗ ಕೊಬ್ಬು ಕೂಡ್ಕೋತ ಬಂದೈತಿ. ಮಕ್ಕಳಿಗೂ ಬರಬಹುದು, ಮಗಳ ರಕ್ತಾನೂ ತಪಾಸ ಮಾಡಸ್ರಿ," ಅಂದರು.

ನಿಮ್ಮ ದಿನಕರ್ಮ ಮುಗಿದ ಮೇಲೆ ಅವಳನ್ನು ಕರೆದೊಯ್ದೆ. ಹತ್ತು ವರ್ಷದ ಹುಡುಗಿ, ಶಾಲೆಯಲ್ಲಿ ಖೋಖೋ ಆಡುವವಳು, ಕಡ್ಡಿಯಂಥ ಮೈ. ಏನೂ ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ಇತ್ತು. ನಿಮ್ಮ ಕಣ್ಣು ಕೊಟ್ಟಿರಿ, ನಗು ಕೊಟ್ಟಿರಿ. ಇದೊಂದನ್ನಾದರೂ ನಿಮ್ಮ ಜೊತೆಗೇ ಒಯ್ಯಬಾರದಿತ್ತೇ?

"ಈಗಿಂದ ಗುಳಿಗಿ ಕೊಟ್ಟರ, ಊಟ ನೋಡ್ಕೊಂಡರ, ದಿನಾ ಆಡಿಸಿದರ ರಕ್ತನಾಳ ಭಾಳ ಮಟ್ಟಿಗೆ ಛಲೋ ಉಳೀತಾವ. ಬಿಟ್ಟರ..." ಡಾಕ್ಟರು ಗುಳಿಗೆ ಬರೆದುಕೊಟ್ಟರು.

ಮನೆಯಲ್ಲಿ ನಿಮ್ಮ ಅವ್ವ ಸಿಡಿದರು. "ಆಡೋ ಕೂಸಿಗೆ ಹಾರ್ಟಿನ ಗುಳಿಗಿ ಯಾಕ? ಊರಿಗೆ ಗೊತ್ತಾದರ ನಾಳೆ ಈಕಿನ್ನ ಯಾರ ಮಾಡ್ಕೋತಾರ?" ಪೊಟ್ಟಣ ಕಸಿದು ಬಚ್ಚಲಿಗೆ ಎಸೆದರು. ನಾನು ಮೊಣಕಾಲೂರಿ ಅದನ್ನು ಎತ್ತಿಕೊಳ್ಳುತ್ತ ಚೀರಿದೆ: "ಒಬ್ಬರನ್ನ ಮಣ್ಣಿಗೆ ಕೊಟ್ಟೇನ್ರಿ ಅತ್ತಿ! ಇನ್ನೊಬ್ಬರನ್ನ ಕೊಡಂಗಿಲ್ಲ!"

ಅವರು ಗೋಡೆಗೆ ಒರಗಿದರು. "ಸಣ್ಣಾಂವ ಇದ್ದಾಗಿಂದ ಇತ್ತಂದ್ರ, ಹೆತ್ತಾಕಿ ನಾ ಏನ ನೋಡಿದ್ನಿ? ನನ್ನ ಕಣ್ಣ ಎಲ್ಲಿದ್ದೂ?"

ಅವರ ಸಿಟ್ಟು ಗುಳಿಗೆಯ ಮೇಲಲ್ಲ ಎಂದು ಆಗ ತಿಳಿಯಿತು. ಒದ್ದೆ ಕೈಯಲ್ಲೇ ಅವರನ್ನು ತಬ್ಬಿಕೊಂಡೆ. "ಯಾರಿಗೂ ಗೊತ್ತಿರಲಿಲ್ಲರಿ ಅತ್ತಿ. ಈಗ ಗೊತ್ತಾಗೇತಿ." ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡೆವು, ಕೂಸಿಗೆ ಕೇಳಬಾರದಲ್ಲ.

ಇವತ್ತು ಮುಂಜಾನೆ ಅವರೇ ನೀರಿನ ತಂಬಿಗೆ ಹಿಡಿದು ಮೊಮ್ಮಗಳನ್ನು ಕರೆದರು. ಸೃಷ್ಟಿ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಅಜ್ಜಿಯನ್ನು ಕೇಳಿದಳು: "ಆಯಿ, ಅಪ್ಪ ಸಣ್ಣಾಂವ ಇದ್ದಾಗ ಇದನ್ಯಾಕ ಕೊಡಲಿಲ್ಲ?"

ಅತ್ತೆ ನನ್ನ ಮುಖ ನೋಡಿದರು. ನಾನು ಯಾರ ಮುಖ ನೋಡಲಿ, ಹೇಳಿ?

ಅವಳು ಗುಳಿಗೆ ನುಂಗಿ ನೀರು ಕುಡಿದಳು. ಚೀಲ ಹೆಗಲಿಗೇರಿಸಿ ಬೀದಿಗಿಳಿದು ಓಡಿದಳು. "ಓಡಬ್ಯಾಡ" ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಬಾಗಿಲಲ್ಲಿ ಎದೆ ಹಿಡಿದುಕೊಂಡು ನಿಂತೆ. ಓಡಲಿ ಅಂದಿದ್ದಾರೆ ಡಾಕ್ಟರು.