ನೋಡದೆ ಹೇಳದ ಮನುಷ್ಯ

ಮಾರ್ಚ್ 3, 1986. ಸೋಮವಾರ. ಬೆಳಿಗ್ಗೆ 6-40

ಐದೂವರೆಗೆ ಎದ್ದೆ. ಕಸ ಹೊಡೆದು, ಗೀಜರ್ ಸ್ವಿಚ್ ಒತ್ತಿ, ಹಾಲು ಕಾಸಿದೆ. ಬಚ್ಚಲಿಗೆ ಹೋಗಿ ಶಾವರಿನ ನಳಕ್ಕೆ ಕೈ ಹಚ್ಚಿದೆ — ಮೊಳಕೈ ತನಕ ಝುಂ ಅಂತು. ಚೀರಿದೆನಂತೆ. ನೆನಪಿಲ್ಲ.

ಇವರು ಓಡಿ ಬಂದರು. ಅರ್ಧ ಗಲ್ಲಕ್ಕೆ ಸಾಬೂನು.

"ಏನಾತ?"

"ಗೀಜರ್ ಶಾಕ್ ಹೊಡೀತ್ರಿ."

"ಕೈ ಹಸಿ ಇತ್ತೇನು?"

ಬಚ್ಚಲಿನಲ್ಲಿ ಕೈ ಹಸಿ ಇರದೆ ಮತ್ತೇನು ಒಣಗಿರುತ್ತದೆಯೆ! ಹತ್ತಿ ಸೊಸೈಟಿಯಲ್ಲಿ ಇಪ್ಪತ್ತು ವರ್ಷ ಕ್ಲಾರ್ಕ್ ಆಗಿದ್ದವರ ಪ್ರಶ್ನೆ.

ಅತ್ತೆ ಕಟ್ಟೆ ಬಿಟ್ಟು ಏಳಲಿಲ್ಲ. "ನಾ ಅವತ್ತ ಹೇಳಿದ್ದೆ. ಅದು ಮಿಷನ್ ಅಲ್ಲ, ದೆವ್ವ." ಗೀಜರ್ ಬಂದು ಐದು ವರ್ಷ. ಒಂದು ದಿನವೂ ಅದರ ಕೆಳಗೆ ನಿಂತವರಲ್ಲ. ಸ್ಟೋವಿನ ಮೇಲೆ ಬೋಗುಣಿ ಇಟ್ಟು ತಮ್ಮ ನೀರು ತಾವೇ ಕಾಯಿಸಿಕೊಳ್ಳುತ್ತಾರೆ.

ತಣ್ಣೀರು ಸ್ನಾನ. ಶಾಲೆಗೆ ಹೊತ್ತಾಯಿತು.

ಮಾರ್ಚ್ 4. ಮಂಗಳವಾರ

ಮಗಳು ಶಿವಗಂಗಾಳ ಪತ್ರ. ಹದಿನಾರಕ್ಕೆ ಅಳಿಯ ಕರೆತಂದು ಬಿಡುತ್ತಾನೆ. ಚೊಚ್ಚಲು. ಏಪ್ರಿಲ್ ಮೊದಲ ವಾರ ಅಂದಿದ್ದಾರಂತೆ ಡಾಕ್ಟರು.

ಓದಿ ಮುಗಿಸುವುದರೊಳಗೆ ಅತ್ತೆಯ ಫರ್ಮಾನು ಹೊರಟಿತು. ಗೀಜರ್ ಕಿತ್ತು ಹಾಕಬೇಕು, ಅಟ್ಟದ ಮೇಲಿನ ಹಂಡೆ ಇಳಿಸಬೇಕು. "ಬಾಣಂತಿ ಮೈಯಾಗ ಕರೆಂಟ್ ಹೊಕ್ಕರ ಏನ್ ಮಾಡ್ತಿ? ಕೂಸಿಗೇನರ ಆದ್ರ?"

ಅದೂ ಸುಳ್ಳಲ್ಲ. ಎರಡು ಜೀವ.

ಆದರೆ ಹಂಡೆಯ ಒಲೆ... ಶಿವಗಂಗಾಳನ್ನು ಹಡೆದಾಗ ಅದೇ ಬಚ್ಚಲಿನ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದಿತ್ತು. ಹದಿನೈದು ದಿನ ಕೂಸಿನ ಕಣ್ಣು ಕೆಂಪು. ಅವತ್ತೇ ನಿಶ್ಚಯಿಸಿದ್ದೆ — ಇವಳ ಬಾಣಂತನಕ್ಕೆ ಹೊಗೆ ಇರಬಾರದು. ಗೀಜರ್ ತಂದದ್ದೇ ಅದಕ್ಕೆ. ನನ್ನ ಸಂಬಳದಲ್ಲಿ. ಕುಂದಗೋಳದ ನಮ್ಮ ಓಣಿಗೇ ಮೊದಲನೆಯದು.

ಹನ್ನೆರಡು ದಿನ ಇವೆ. ಸರಿಯಾದ ಮನುಷ್ಯ ಸಿಕ್ಕು ಸರಿ ಮಾಡಿದರೆ ಗೀಜರ್. ಇಲ್ಲವಾದರೆ ಹಂಡೆ. ಅತ್ತೆಗೆ ಮಾತು ಕೊಟ್ಟೆ.

ಮಾರ್ಚ್ 6. ಗುರುವಾರ

ಹೊಳೆಪ್ಪ ಬಂದ. ಇವರ ಕಾಕಾನ ಮಗ, ಅರ್ಧ ಊರಿನ ವೈರಿಂಗ್ ಅವನದೇ. ಈ ಗೀಜರ್ ಕೂಡಿಸಿದವನೂ ಅವನೇ. ಎರಡು ಸಲ ಚಹಾ, ಒಂದು ಪ್ಲೇಟ್ ಅವಲಕ್ಕಿ. ಆಮೇಲೆ ನಳಕ್ಕೆ ಟೆಸ್ಟರ್ ಹಚ್ಚಿದ. ದೀಪ ಹತ್ತಿತು.

"ಸಣ್ಣ ಲೀಕೇಜ್ ಐತಿ ವೈನಿ. ಅಂಜಬ್ಯಾಡ್ರಿ. ರಬ್ಬರ್ ಚಪ್ಪಲ್ ಹಾಕ್ಕೊಂಡು ಜಳಕಾ ಮಾಡ್ರಿ, ಏನೂ ಆಗೂದಿಲ್ಲ."

"ಬಾಣಂತಿ ಚಪ್ಪಲ್ ಹಾಕ್ಕೊಂಡು ಎರಕೋಬೇಕೇನಪಾ? ಕೂಸಿಗೂ ಒಂದ್ ಜೋಡಿ ತರ್ಲೇನು?"

ಅವನು ನಕ್ಕ. ಇವರೂ ನಕ್ಕರು. ನಾನು ನಗಲಿಲ್ಲ.

ಅವನು ಹೋದ ಮೇಲೆ ಇವರು — "ಮನಿ ಮನಷ್ಯಾ. ಅವನ್ನ ಬಿಟ್ಟು ಬ್ಯಾರೆದವ್ರನ್ನ ಕರದ್ರ ಏನ್ ತಿಳ್ಕೋತಾನ?"

ಏನಾದರೂ ತಿಳಿದುಕೊಳ್ಳಲಿ. ಶಾಕ್ ಹೊಡೆಸಿಕೊಂಡವಳು ಏನು ತಿಳಿದುಕೊಂಡಳು ಅಂತ ಒಬ್ಬರೂ ಕೇಳುವುದಿಲ್ಲ.

ಮಾರ್ಚ್ 9. ರವಿವಾರ

ಹುಬ್ಬಳ್ಳಿಯ ಅಂಗಡಿಯವನು ಸ್ಕೂಟರ್ ಮೇಲೆ ಬಂದ. ಇಸ್ತ್ರಿ ಅಂಗಿ, ಬಣ್ಣದ ಕ್ಯಾಟಲಾಗು. ಬಚ್ಚಲೊಳಗೆ ಕಾಲಿಡಲಿಲ್ಲ, ಬೂಟು ಒದ್ದೆಯಾಗುತ್ತದಲ್ಲ.

"ಹಳೇ ಮಾಡೆಲ್ ಮೇಡಂ. ಹೊಸಾದು ಹಾಕಿದ್ರ ಪ್ರಾಬ್ಲೆಮ್ ಖಲಾಸ್."

"ಶಾಕ್ ಯಾಕ ಹೊಡೀತೈತಿ?"

"ಹಳೇದಲ್ರೀ."

"ನಮ್ಮ ಅತ್ತೀನೂ ಹಳೇವ್ರ. ಮುಟ್ಟಿದ್ರ ಶಾಕ್ ಹೊಡ್ಯೂದಿಲ್ಲಲಾ?"

ಒಳಗಿನಿಂದ ಅತ್ತೆ ಕೆಮ್ಮಿದರು. ಜೋರಾಗಿಯೇ.

"ಮತ್ತ ದೀಪಾವಳಿಗೂ ಇದ ಗೀಜರ್ ಇತ್ತು. ಆವಾಗ ಯಾಕ ಹೊಡೀಲಿಲ್ಲ?" ಎಂದೆ. ವಾಚು ನೋಡಿಕೊಂಡ. ಕ್ಯಾಟಲಾಗು ಬಿಟ್ಟು ಹೋದ.

ಮಾರ್ಚ್ 11. ಮಂಗಳವಾರ

ಶಾಲೆಯಲ್ಲಿ ಏಳನೇ ಇಯತ್ತೆಯ ಪೇಪರು ತಿದ್ದುತ್ತಿದ್ದೆ. ಉತ್ತರ ಗೊತ್ತಿಲ್ಲದವರೇ ಪುಟಗಟ್ಟಲೆ ಬರೆದಿದ್ದಾರೆ. ಥಟ್ಟನೆ ಹೊಳೆಯಿತು. ಈ ಮಿಸ್ತ್ರಿಗಳಿಗೂ ಪರೀಕ್ಷೆ ಇಡಬೇಕು. ಒಂದೇ ಪ್ರಶ್ನೆ — ಐದು ವರ್ಷ ಸುಮ್ಮನಿದ್ದದ್ದು ಈಗ ಯಾಕೆ ಹೊಡೆಯಿತು?

ಗಂಟೆ ಹೊಡೆಯುವ ರಜಿಯಾಬಿಗೆ ನನ್ನ ಗೋಳು ಪೂರ್ತಿ ಗೊತ್ತು. "ನಮ್ಮಣ್ಣನ್ನ ಕರೀರಿ ಅಕ್ಕಾರ. ಮಶಾಕಸಾಬ. ಸಂಶಿ ಊರಾಗ ಪಂಪಿನ ಮೋಟರ್ ಕಟ್ತಾನ್ರಿ. ಮಾತ ಭಾಳ ಕಡಿಮಿ, ಅದೊಂದ ಅವನ ತ್ರಾಸ."

ಮನೆಗೆ ಬಂದು ಹೇಳಿದೆ. ಇವರಿಗೆ ನಗು. "ಹೊಲದಾಗಿನ ಪಂಪ್ ರಿಪೇರಿ ಮಾಡಾಂವ ಬಚ್ಚಲಾ ನೋಡ್ತಾನಂತ!"

"ನೀರು, ಕರೆಂಟು ಎರಡೂ ಕೂಡಿದಲ್ಲಿ ಕೈ ಹಾಕಿ ಇಷ್ಟು ವರ್ಷ ಜೀವಂತ ಅದಾನಲ್ರಿ. ಅಷ್ಟ ಸಾಕು ನನಗ."

ಮಾರ್ಚ್ 15. ಶನಿವಾರ. ಮಧ್ಯಾಹ್ನ 3

ನಾಳೆ ಶಿವಗಂಗಾ ಬರುತ್ತಾಳೆ. ಅತ್ತೆ ಬೆಳಿಗ್ಗೆಯೇ ಹಂಡೆ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಅಂಗಳದಲ್ಲಿ ಬೋರಲು ಹಾಕಿದ್ದಾರೆ. ಫಳಫಳ ಹೊಳೆಯುತ್ತಿದೆ. ನನ್ನನ್ನು ಅಣಕಿಸಲೆಂದೇ.

ಮಶಾಕಸಾಬ ಹನ್ನೆರಡಕ್ಕೆ ಸೈಕಲ್ ಮೇಲೆ ಬಂದ. ಐವತ್ತರ ಆಸುಪಾಸು. ಸುದ್ದಿ ಮುಟ್ಟಿ ಹೊಳೆಪ್ಪನೂ ಹಾಜರು, ಮುಖ ಊದಿಸಿಕೊಂಡು. ನಾನು ಪರೀಕ್ಷೆ ಶುರು ಮಾಡಿದೆ. ಐದು ವರ್ಷ ಇಲ್ಲದ್ದು ಈಗ ಯಾಕ?

"ನೋಡದ ಹೆಂಗ್ ಹೇಳ್ಲಿರಿ ಅಕ್ಕಾರ?"

ಪಾಸು! ಮನಸ್ಸಿನಲ್ಲೇ ನೂರಕ್ಕೆ ನೂರು ಹಾಕಿದೆ.

ಬಚ್ಚಲ ಕಡೆ ತಿರುಗಿಯೂ ನೋಡಲಿಲ್ಲ ಆಸಾಮಿ. "ಅರ್ಥಿಂಗ್ ಎಲ್ಲೈತ್ರಿ?"

"ಹಿತ್ತಲದಾಗ," ಹೊಳೆಪ್ಪ ಹೇಳಿದ. "ನಾನ ಹಾಕೇನಿ. ಆಳೆತ್ತರ ಪೈಪು, ಉಪ್ಪು, ಇದ್ದಲಿ, ಎಲ್ಲಾ ಬರೋಬ್ಬರಿ ಅದಾವು."

ಎಲ್ಲರೂ ಹಿತ್ತಲಿಗೆ ಹೋದೆವು. ಒಣಗಿದ ಕರಿಬೇವಿನ ಗಿಡದ ಬಾಜು ಪೈಪಿನ ತಲೆ ಕಾಣುತ್ತಿತ್ತು. ಸುತ್ತ ಎರೆಮಣ್ಣು ಸೀಳಿ ಕೈ ಹೋಗುವಷ್ಟು ಬಿರುಕು. ಮಶಾಕಸಾಬ ಚೀಲದಿಂದ ಹೋಲ್ಡರಿನಲ್ಲಿದ್ದ ಒಂದು ಬಲ್ಬ್ ತೆಗೆದ. ಅದರ ಒಂದು ವೈರು ಕರೆಂಟಿಗೆ, ಇನ್ನೊಂದು ಆ ಪೈಪಿಗೆ. ಅರ್ಥಿಂಗ್ ಚೆನ್ನಾಗಿದ್ದರೆ ಬಲ್ಬ್ ಉರಿಯಬೇಕಂತೆ. ಒಳಗಿನ ತಂತಿ ಕೆಂಪಗಾಯಿತು, ಅಷ್ಟೇ.

"ಎರಡು ಕೊಡಾ ನೀರ ಕೊಡ್ರಿ."

ಅವನು ವೈರು ಬಿಚ್ಚಿದ ಮೇಲೆ ಕೊಟ್ಟೆ. ಬುಡಕ್ಕೆ ಸುರಿದ. ಬುಳುಬುಳು ಕುಡಿಯಿತು ಮಣ್ಣು. ಬೀಡಿ ಹಚ್ಚಿದ, ಸೇದಿ ಮುಗಿಸಿದ. ನಾವೆಲ್ಲ ಪೈಪಿನ ಸುತ್ತ ಬಾಯಿ ತೆರೆದುಕೊಂಡು ನಿಂತಿದ್ದೇವೆ. ಮತ್ತೆ ವೈರು ಹಚ್ಚಿದ.

ಬಲ್ಬ್ ಝಗ್ಗನೆ ಹತ್ತಿತು! ಆಮೇಲೆ ಬಚ್ಚಲಿಗೆ ಹೋಗಿ ಗೀಜರಿನ ಮುಚ್ಚಳ ಬಿಚ್ಚಿ ನೋಡಿ ಬಂದ.

"ಅರ್ಥಿಂಗ್ ಒಣಗೈತ್ರಿ. ಗೀಜರ್ ಒಳಗ ಲೀಕ್ ಆದ ಕರೆಂಟ್ ಭೂಮಿಗೆ ಹೋಗಬೇಕು. ದಾರಿ ಇಲ್ಲಂದ್ರ ಮುಟ್ಟಿದವ್ರ ಮೈಯಾಗ ಹಾದು ಹೋಗತೈತಿ. ಗೀಜರೂ ಹೋಗೈತ್ರಿ, ಬದಲ ಮಾಡಬೇಕ. ಆದ್ರ ಇದನ್ನ ಬಿಟ್ಟು ಬರೇ ಗೀಜರ್ ಬದಲ ಮಾಡಿದ್ರ, ಹೊಸಾದೂ ಒಂದಿನಾ ಹಿಂಗ ಹೊಡ್ಯೂದ." ಸುತ್ತ ನೋಡಿದ. "ಇಷ್ಟ್ ವರ್ಷ ಇಲ್ಲೆ ನೀರ ಬೀಳತಿದ್ವಲ್ರಿ? ಯಾವಾಗ ನಿಂತ್ವು?"

ಎಲ್ಲರೂ ನನ್ನನ್ನೇ ನೋಡಿದರು.

ಸಂಕ್ರಾಂತಿ ಮುಗಿದ ಮೇಲೆ ಸಿಮೆಂಟಿನ ಗಟಾರ ಕಟ್ಟಿಸಿದವಳು ನಾನು. ಭಾಂಡೆ ತೊಳೆದ ನೀರು ಇಲ್ಲಿ ನಿಂತು ಕೆಸರಾಗುತ್ತದೆ ಎಂದು ಮುಂದಿನ ನನ್ನ ಮಲ್ಲಿಗೆ ಬಳ್ಳಿಗೆ ತಿರುಗಿಸಿದ್ದೆ. ಓಣಿಯವರನ್ನೆಲ್ಲ ಕರೆದು ತೋರಿಸಿದ್ದೆ ಬೇರೆ.

"ಕರಿಬೇವು ಒಣಗಾಕತ್ತೈತಿ ಅಂತ ಬಾಯಿ ಬಡ್ಕೊಂಡೆ," ಅತ್ತೆ ಶುರು ಮಾಡಿದರು. "ಕೇಳಿದ್ಯಾ?"

ಹೊಳೆಪ್ಪನ ಎದೆ ಒಂದು ಗೇಣು ಉಬ್ಬಿತು. "ನೋಡ್ರಿ ವೈನಿ! ನನ್ನ ಅರ್ಥಿಂಗ್ ಅಗದಿ ಚಲೋ ಐತಿ. ಅದರ ನೀರ ಕದ್ದಾವ್ರು ನೀವು."

ಮುಖ ಕಾವಲಿಯಂತೆ ಕಾಯಿತು. ಭೂಮಿ ಅಷ್ಟು ಸೀಳಿತ್ತಲ್ಲ, ಒಳಗೇ ಇಳಿದುಬಿಡಬೇಕು ಅನಿಸಿತು. ಆದರೂ ಹೇಳಿದೆ. "ಹೌದು. ತಪ್ಪು ನಂದ."

ಇವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನನ್ನನ್ನು ನೋಡಿದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇದೇ ಮೊದಲು.

"ಆದ್ರ ಕಂಡುಹಿಡಿಯೋ ಮನಷ್ಯಾನ್ನ ಹುಡುಕಿದಾಕೀನೂ ನಾನ!" ಅಂದೆ. ಬಿಡುತ್ತೇನೆಯೇ!

ಮಾರ್ಚ್ 16. ರವಿವಾರ. ಸಂಜೆ 6

ಆಯಿತು! ನಿನ್ನೆ ಸಂಜೆಯೇ ಹುಬ್ಬಳ್ಳಿಯಿಂದ ತರಿಸಿದ ಹೊಸ ಗೀಜರ್ ಕೂತಿತು. ಗಟಾರ ಒಡೆದೆವು. ಪೈಪಿನ ಸುತ್ತಲಿನ ಕುಣಿಗೆ ಹೊಸ ಉಪ್ಪು, ಇದ್ದಿಲು. ಮಶಾಕಸಾಬ ನಿನ್ನೆಯೇ ಹೊಳೆಪ್ಪನಿಗೆ "ನೀವೂ ಬರ್ರಿ, ಪೈಪಿನ ಕೆಲಸಕ್ಕ ಗೊತ್ತಿದ್ದ ಕೈ ಬೇಕು" ಅಂದಿದ್ದ. ಇವತ್ತು ಬೆಳಿಗ್ಗೆ ಏಳಕ್ಕೇ ಬಂದು ಕೂತಿದ್ದ ಹೊಳೆಪ್ಪ. ಸಂಜೆ ಹೊತ್ತಿಗೆ ಇಬ್ಬರೂ ಒಂದೇ ತಾಟಿನಲ್ಲಿ ಚುನಮರಿ ತಿನ್ನುತ್ತಿದ್ದರು.

ಕೊನೆಗೆ ಮಶಾಕಸಾಬ ಸ್ವಿಚ್ ಹಾಕಿ, ಬಲ್ಬ್ ಹಚ್ಚಿ, ಟೆಸ್ಟರ್ ಹಚ್ಚಿ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಹಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ನಳ ಹಿಡಿದ. "ಮೊದಲ ನಾ. ಆಮ್ಯಾಲ ನೀವು."

ನಾನೂ ಹಿಡಿದೆ. ಕೈಯಲ್ಲಿ ನೀರಿನ ಬಿಸಿ, ಬೇರೇನೂ ಇಲ್ಲ.

ಐದರ ಗಾಡಿಗೆ ಶಿವಗಂಗಾ ಬಂದಳು. ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ನಿಂತು ಕೇಳಿದಳು — "ಅವ್ವಾ, ಹಂಡೇ ಯಾಕ ಇಳಿಸೀರಿ?"

"ತಿಕ್ಕಿ ಇಡಾಕ," ಅಂದೆ. ಅತ್ತೆ ಆ ಕಡೆ ಮುಖ ತಿರುಗಿಸಿದರು.

ಏಪ್ರಿಲ್ 11. ಶುಕ್ರವಾರ

ಬರೆಯಲು ಪುರುಸೊತ್ತೆಲ್ಲಿ! ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಆರಾಮ.

ಇವತ್ತು ಐದನೇ ದಿನ. ಎರೆದೆವು. ಮೊದಲು ನಾನೇ ಬರಿಗಾಲಲ್ಲಿ ನಿಂತು ನಳ ಹಿಡಿದು ನೋಡಿದೆ, ಮೂರು ಸಲ. ಆಮೇಲೆ ಸ್ವಿಚ್ ತೆಗೆದು, ತುಂಬಿಟ್ಟ ಬಿಸಿನೀರು ಮಗಳ ಬೆನ್ನಿಗೆ ಬಿಟ್ಟೆ. "ಇನ್ನಷ್ಟ ಬಿಡವ್ವಾ" ಅಂದಳು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆದೆ. ಚೀರಿತು, ಆದರೆ ಕೆಮ್ಮಲಿಲ್ಲ. ಒರೆಸಿ ಬೆಳಕಿಗೆ ತಂದು ಕಣ್ಣು ನೋಡಿದೆ. ಬೆಳ್ಳಗೆ, ಸ್ವಚ್ಛ. ಎಲ್ಲರೆದುರೇ ಅತ್ತುಬಿಟ್ಟೆ. ಖುಷಿಗೆ.

ಹಿತ್ತಲಿಗೆ ಹೋದರೆ ಪೈಪಿನ ತಲೆಗೆ ಮೂರು ಬೆರಳ ವಿಭೂತಿ! ಅತ್ತೆಯದೇ ಕೆಲಸ. ದಿನಾ ನಸುಕಿನಲ್ಲಿ ಒಂದು ಕೊಡ ನೀರೂ ಹಾಕುತ್ತಾರಂತೆ. ಕೇಳಿದರೆ — "ಕರಿಬೇವಿಗೆ ಹಾಕ್ತೇನಿ, ನಿನ್ನ ಮಿಷನ್ನಿಗಲ್ಲ." ಕರಿಬೇವು ಚಿಗುರಿದೆ.

ಏಪ್ರಿಲ್ 20. ರವಿವಾರ. ಬೆಳಿಗ್ಗೆ 7-15

ಅತ್ತೆ ಕಟ್ಟೆಯ ಮೇಲಿಲ್ಲ. ಸ್ಟೋವ್ ಹಚ್ಚಿಲ್ಲ, ಬೋಗುಣಿ ಮೂಲೆಯಲ್ಲೇ ಇದೆ. ಬಚ್ಚಲ ಬಾಗಿಲು ಹಾಕಿದೆ. ಒಳಗೆ ಶಾವರಿನ ಸದ್ದು. ಶಿವಗಂಗಾ ಇಲ್ಲೇ ಕೂಸಿಗೆ ಹಾಲೂಡಿಸುತ್ತಿದ್ದಾಳೆ. ಇವರು ಪೇಪರ್ ಓದುತ್ತಿದ್ದಾರೆ. ಹಾಗಾದರೆ ಒಳಗೆ...

ಐದು ವರ್ಷ ದೆವ್ವ ಅಂದವರು! ಇವತ್ತು ಯಾರಿಗೂ ಹೇಳದೆ, ಕಳ್ಳಿಯ ಹಾಗೆ! ಒಳಗೆ ಹಾಡು ಬೇರೆ. ಇವರೂ ಪೇಪರ್ ಇಳಿಸಿದರು. ಶಿವಗಂಗಾ ಬಾಯಿಗೆ ಸೆರಗು ಹಿಡಿದಿದ್ದಾಳೆ. ನಾನು ಬಾಗಿಲ ಹೊರಗೇ ಕೂತು ಇದನ್ನು ಬರೆಯುತ್ತಿದ್ದೇನೆ.

ಒಳಗಿನಿಂದ ನನ್ನನ್ನೇ ಕೂಗಿದರು — "ಗುರವ್ವಾ! ಇದನ್ನ ಬಂದ್ ಮಾಡೂದ ಹೆಂಗಬೇ?"

ಹೇಳಲೇ, ಇನ್ನೊಂದು ನಿಮಿಷ ಸುಮ್ಮನಿರಲೇ —

"ಬ್ಯಾಡಾ, ಇರ್ಲಿ ಬಿಡು! ಬೆನ್ನ ತಿಕ್ಕು ಬಾ!"

ಬಂದೆ ಅತ್ತೀ, ಬಂ