ತಲೆ ಯಾವ ದಿಕ್ಕಿಗೆ

ರಂಗಂಪೇಟೆ, ಸುರಪುರ
೧೮ ಆಗಸ್ಟ್ ೨೦೨೫

ಗೆಳೆಯ ಕಾಂತೇಶನಿಗೆ,

ಹಾಶಿಮನ ಸಲಾಂ, ಸಿಟ್ಟಿನ ಸಮೇತ.

ಮೂರು ದಿನದಲ್ಲಿ ಹನ್ನೊಂದು ಸಲ ಫೋನ್ ಮಾಡಿದ್ದೇನೆ, ನೀನು ಎತ್ತಲಿಲ್ಲ. ಶಹಾಪುರವೇನು ದೂರವೇ? ಬಸ್ಸು ಹತ್ತಿ ಬಂದು ನಿನ್ನ ಕೊರಳಪಟ್ಟಿ ಹಿಡಿಯಬಹುದಿತ್ತು. ಆದರೆ ಎದುರಿಗೆ ಬಂದರೆ ನೀನು ಚಹಾ ತರಿಸುತ್ತೀ, ನಾನು ಕುಡಿದು ಎದ್ದು ಬರುತ್ತೇನೆ, ಮಾತು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಡುವೆ ಮಡಚಿಡದೆ ಪೂರ್ತಿ ಓದು.

ನಮ್ಮ ಹಳೇ ಶಾಲೆಯವರು ಹದಿನೈದನೇ ತಾರೀಖು ಇಬ್ಬರನ್ನೂ ವೇದಿಕೆಗೆ ಕರೆದರು. ಅಲ್ಲಿ ಕಲಿತು ಸೈನ್ಯಕ್ಕೆ ಹೋದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರಂತೆ. ಮೊದಲು ಹುತಾತ್ಮ ಹಂಪಣ್ಣ, ಆಮೇಲೆ ನೀನು, ಆಮೇಲೆ ನಾನು. ಮಕ್ಕಳಿಗೆ ಯುದ್ಧದ ಒಂದು ಪ್ರಸಂಗ ಹೇಳಿ ಎಂದರು. ಕಾರ್ಗಿಲ್ಲಿನಲ್ಲಿ ನಾವು ಹೂತ ಆ ವೈರಿ ಕ್ಯಾಪ್ಟನ್ನನ ಕತೆ ಹೇಳಿದೆ.

ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಆ ಕ್ಯಾಪ್ಟನ್ ಬರೀ ನಾಲ್ಕು ಮಂದಿಯನ್ನು ಇಟ್ಟುಕೊಂಡು, ಮಷಿನ್‌ಗನ್ನನ್ನು ಬಂಡೆಯಿಂದ ಬಂಡೆಗೆ ಹೊತ್ತು, ಇಪ್ಪತ್ತು ಮಂದಿ ಇದ್ದಾರೆಂದು ಎರಡು ದಿನ ನಮ್ಮನ್ನು ನಂಬಿಸಿದ. ನಮ್ಮ ಹಂಪಣ್ಣನನ್ನು ಕೊಂದವನೂ ಅವನೇ, ಅದನ್ನೂ ಹೇಳಿದೆ. ಶಿಖರ ಕೈಗೆ ಬಂದಾಗ ಅವನು ಖಾಲಿ ಬಂದೂಕು ಹಿಡಿದೇ ಸತ್ತು ಬಿದ್ದಿದ್ದ. ಚೆನ್ನಾಗಿ ಕಾದಿದವನಿಗೆ ಮರ್ಯಾದೆ ಕೊಡುವುದು ಸಿಪಾಯಿಯ ರಿವಾಜು, ಅವನ ಬಟ್ಟೆ ಯಾವುದೇ ಇರಲಿ ಎಂದರು ಮೇಜರ್ ಸಾಹೇಬರು. ಅವನ ಟೋಪಿಯನ್ನು ಎದೆಯ ಮೇಲಿಟ್ಟರು. ನಾವು ಬಂದೂಕಿನ ನಳಿಗೆ ನೆಲಕ್ಕೆ ಮಾಡಿ, ತಲೆ ಬಗ್ಗಿಸಿ ನಿಂತೆವು. ಸಾಹೇಬರು ಕೇಳಿದಾಗ ನಾನು ಮುಂದೆ ಬಂದು, ಹೂಳುವ ಮುಂಚೆ ಓದುವ ಜನಾಜಾ ನಮಾಜು ಓದಿದೆ. ಇಷ್ಟೇ ಹೇಳಿದ್ದು.

ಹಿಂದಿನ ಸಾಲಿನಲ್ಲಿ ಗುಜುಗುಜು ಎದ್ದಿತು. ಯಾರೋ ಮೈಕು ಬಂದ್ ಮಾಡಿದರು. ನೀನು ಪಕ್ಕದ ಕುರ್ಚಿಯಲ್ಲಿ, ಬಾಯಲ್ಲಿ ಕಡುಬು ತುರುಕಿಕೊಂಡವನಂತೆ ಕೂತಿದ್ದೆ. "ಹೌದು, ನಾನೂ ಅಲ್ಲಿದ್ದೆ" ಎಂಬ ಎರಡು ಮಾತು ಸಾಕಿತ್ತು. ಐದು ವರ್ಷದ ಹಿಂದೆ ಇದೇ ಕತೆಯನ್ನು ನೀನು ಯಾದಗಿರಿಯಲ್ಲಿ ಹೇಳಿದಾಗ ಜನ ಶಾಲು ಹೊದಿಸಿದರು, ನಾನು ಕೆಳಗೆ ಕೂತು ಚಪ್ಪಾಳೆ ತಟ್ಟಿದೆ. ನಿನ್ನ ಬಾಯಲ್ಲಿ ಅದು ದೊಡ್ಡತನ, ನನ್ನ ಬಾಯಲ್ಲಿ ಬಂದರೆ ದ್ರೋಹವೇ? ಇಪ್ಪತ್ತೆರಡು ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದೇವಲ್ಲೋ, ನಾಚಿಕೆಯಾಗಲಿಲ್ಲವೇ ನಿನಗೆ?

ಮರುದಿನ ಶಾಲೆಯ ಕಮಿಟಿಯ ರಾಮಲಿಂಗ ಮನೆಗೆ ಬಂದ. ವೈರಿಯನ್ನು ಹೊಗಳಿದ್ದು ತಪ್ಪಾಯಿತು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಬೇಕಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದಂತೆ. ಇಲ್ಲದಿದ್ದರೆ ಕಲ್ಲಿಗೆ ಕೆತ್ತುವ ಪಟ್ಟಿಯಿಂದ ನನ್ನ ಹೆಸರು ತೆಗೆಯುತ್ತಾರೆ. ಶುಕ್ರವಾರ ಮೂರು ಗಂಟೆಗೆ ಸಭೆ. ನಮ್ಮ ಮನೆಯವಳು ಕುಬ್ರಾ ಹಾಳೆಯನ್ನೂ ಪೆನ್ನನ್ನೂ ತಂದು ಮುಂದಿಟ್ಟಳು. ಸಹಿ ಮಾಡಿದರೆ ಕೈ ಸವೆಯುತ್ತದೆಯೇ, ಈ ಊರಿನಲ್ಲಿ ಬಾಳಬೇಕಲ್ಲವೇ ಎನ್ನುತ್ತಾಳೆ. ಅವಳದೂ ತಪ್ಪಲ್ಲ.

ನನಗೆ ತಡೆಯಲಾಗದ್ದು ಬೇರೆಯೇ ಇದೆ. ಮೊಮ್ಮಗಳು ನುಜ್ಹತ ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಪಾಟಿಚೀಲ ಇಳಿಸದೆಯೇ ನನ್ನ ಮುಂದೆ ನಿಂತು ಕೇಳಿದಳು, "ದಾದಾ, ನೀವು ಯಾರ ಕಡಿಂದ ಲಡಾಯಿ ಮಾಡೀರಿ?"

ಮಂಡಿಯಲ್ಲಿ ಇನ್ನೂ ಗುಂಡಿನ ಚೂರು ಇಟ್ಟುಕೊಂಡವನಿಗೆ ಇದು ಬೇಕಿತ್ತೇನೋ, ಕಾಂತೇಶ? ಕಲ್ಲಿನ ಮೇಲಿನ ಹೆಸರು ಹೋದರೆ ಹೋಗಲಿ. ಆ ಹುಡುಗಿಯ ಕಣ್ಣಿನಲ್ಲಿ ಆ ಪ್ರಶ್ನೆ ಉಳಿಯಬಾರದು. ಶುಕ್ರವಾರ ಬಾ. ನಾನು ಹೇಳಿದರೆ ಯಾರೂ ಕೇಳುವುದಿಲ್ಲ, ನೀನು ಹೇಳಿದರೆ ಕೇಳುತ್ತಾರೆ. ಇದನ್ನು ಬರೆಯುವುದಕ್ಕೂ ಮೈಯುರಿಯುತ್ತದೆ, ಆದರೆ ನಿಜ. ನಾನು ಸಹಿಯಂತೂ ಮಾಡುವುದಿಲ್ಲ.

ಇನ್ನೂ ನಿನ್ನವನೇ,
ಹಾಶಿಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಆ ದಿನ ನಾನು ನಮಾಜು ಓದಲಿಲ್ಲ. ಅದು ನನಗೂ ನಿನಗೂ ಗೊತ್ತು. ಯಾರಿಗೆ ಬರುತ್ತದೆಂದು ಸಾಹೇಬರು ಮೂರು ಸಲ ಕೇಳಿದರು. ನಮ್ಮ ತುಕಡಿಯಲ್ಲಿ ಬರುತ್ತಿದ್ದುದು ನನಗೊಬ್ಬನಿಗೇ. ಹಂಪಣ್ಣ ಅಲ್ಲೇ ಕಂಬಳಿಯ ಕೆಳಗೆ ಮಲಗಿದ್ದ. ನಾನು ಮುಂದೆ ಬಂದರೆ ಉಳಿದವರು ಏನಂದುಕೊಂಡಾರೋ ಎಂದು ಹೆದರಿ ಬೂಟು ನೋಡುತ್ತ ನಿಂತೆ. ಗುಂಡಿ ತೋಡಿದವನು ನೀನು. "ತೆಲಿ ಯಾವ ಕಡಿ ಮಾಡಬೇಕೋ, ಹಾಶಿಮ?" ಎಂದು ಕೇಳಿದವನೂ ನೀನೇ. ನಾನು ಬಾಯಿ ಬಿಡದೆ ಗದ್ದದಿಂದ ತೋರಿಸಿದೆ. ಯಾದಗಿರಿಯಲ್ಲಿ ನನ್ನ ಮಾನ ಉಳಿಸಲು ನೀನು ಆ ಮಾತನ್ನೇ ಎತ್ತಲಿಲ್ಲ. ನಾನು ನಿನ್ನ ಪಕ್ಕದಲ್ಲೇ ನಿಂತು ಮಕ್ಕಳಿಗೆ ಸುಳ್ಳು ಹೇಳಿದೆ. ನೀನು ಬಾಯಿ ಬಿಡದ್ದು ಅದಕ್ಕೇ ಆದರೆ, ಶುಕ್ರವಾರ ಅದನ್ನೂ ಹೇಳು. ನೀನು ಬರದಿದ್ದರೆ ನುಜ್ಹತಳನ್ನು ಕರೆದುಕೊಂಡು ಹೋಗಿ ನಾನೇ ಹೇಳುತ್ತೇನೆ. ಅಂದು ಬಾಯಿ ಬಿಟ್ಟು ಹೇಳದ್ದನ್ನು ಈಗ ಬರೆಯುತ್ತಿದ್ದೇನೆ: ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ, ಕಾಬಾದ ಕಡೆಗೆ. ನೀನು ಸರಿಯಾಗಿಯೇ ಮಲಗಿಸಿದ್ದೆ.