ಕಂಪೌಂಡರ್ ಕಾಕಾನಿಗೆ ಚೀನಾ ಡಾಕ್ಟರಳ ಸಮಾಚಾರ

ನನ್ನ ಕಾಕಾ,

ನಿನಗೆ ಕಾಗದ ಬರೆಯದೆ ಎರಡು ವರ್ಷವಾಯಿತು. ವಿಳಾಸ ಗೊತ್ತಿಲ್ಲ ಎಂಬ ನೆಪವನ್ನು ಇನ್ನೆಷ್ಟು ದಿನ ಹೇಳಲಿ?

ಆ ಅಟ್ಲಾಸ್ ನೆನಪಿದೆಯಾ? ನನಗೆ ಇಲ್ಲಿ ಮೆಡಿಕಲ್ ಸೀಟು ಸಿಗಲಿಲ್ಲ, ಚೀನಾದಲ್ಲಿ ಸಿಕ್ಕಿತು. ಲಿಂಬೆ ತೋಟದಿಂದ ಬಂದ ಅಪ್ಪ ಸುದ್ದಿ ಕೇಳಿ ಬಾಗಿಲಲ್ಲೇ ನಿಂತುಬಿಟ್ಟ. "ಬಿಜಾಪುರಕ್ಕ ಒಬ್ಬಾಕಿನ್ನ ಕಳಸಾಕ ಅಂಜತೇನಿ, ಚೀನಾಕ್ಕ ಹೆಂಗ ಕಳಸ್ಲೋ ತಮ್ಮಾ?" ನೀನು ನನ್ನ ಹಳೆಯ ಅಟ್ಲಾಸ್ ಬಿಡಿಸಿ, ನಮ್ಮೂರು ಇಂಡಿ ಇರುವಲ್ಲಿ ಹೆಬ್ಬೆರಳಿಟ್ಟು ಚೀನಾದ ಕಡೆ ಗೇಣು ಹಾಕಿದೆ. "ನೋಡಣ್ಣಾ, ಪೂರಾ ಒಂದ ಗೇಣೂ ಇಲ್ಲ." ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಅವನು ಬೇಡ ಅಂದದ್ದುಂಟೇ?

ಮೊದಲ ಸಲ ಫೋನ್ ಮಾಡಿ, ರೂಮಿನ ಗೆಳತಿ ಕೆನಡಾದವಳು, ಹೆಸರು ಎಮ್ಮಾ ಎಂದೆ. "ಎಮ್ಮಿ? ಯಾರರ ಹಂಗ ಹೆಸರ ಇಡ್ತಾರೇನ?" ಅವಳಿಗೂ ತನ್ನ ದೇಶದಲ್ಲಿ ಸೀಟು ಸಿಕ್ಕಿರಲಿಲ್ಲ ಎಂದಾಗ ನಿನಗೆ ಅದೆಷ್ಟು ಸಮಾಧಾನ! "ಬಿಳಿ ಮಂದಿಗೂ ಸೀಟ ಸಿಗಂಗಿಲ್ಲೇನು? ಮತ್ತ ನೀ ಯಾಕ ಅಷ್ಟ ಅತ್ತಿ?" ನಮಗೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ನಾನೂ ಎಮ್ಮಾಳೂ ಚೀನೀ ಮಾತಾಡಿದರೆ ಕ್ಯಾಂಟೀನಿನವರು ಸೌಟು ಕೆಳಗಿಟ್ಟು ನಗುತ್ತಿದ್ದರು.

ನಾಲ್ಕನೆಯ ವರ್ಷ ವಾರ್ಡಿಗೆ ಹೋದ ಮೇಲೆ ನಗು ನಿಂತಿತು. ಹೊಟ್ಟೆನೋವಿನ ಒಬ್ಬ ಅಜ್ಜಿ. ಚೀನೀ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮಂಚದ ಬದಿ ನಿಂತು ಓದಿದೆ. ಆಕೆ ಗೋಡೆಯತ್ತ ಹೊರಳಿ ಮಲಗಿದಳು. "ಭಾಷೆ ಬರದಿದ್ದರೆ ವಾರ್ಡಿಗೆ ಬರಬೇಡಿ" ಎಂದರು ಮೇಷ್ಟ್ರು. ಎಮ್ಮಾ ಬ್ಯಾಗು ತುಂಬತೊಡಗಿದಳು. ನಾನು ನಿನಗೆ ಫೋನ್ ಹಚ್ಚಿದೆ.

"ಕಾಕಾ, ನಾ ವಾಪಸ್ ಬರ್ತೇನಿ."

"ಬರೂವಂತಿ. ಊಟಾತೇನು?"

"ಇಲ್ಲ."

"ಮೊದಲ ಉಣ್ಣು. ಆಮ್ಯಾಲ ಒಂದ ಮಾತ ಕೇಳು, ಸುಮಿ. ಪೇಶಂಟ್ ಮುಂದ ನಿಂತ ಪೊಲೀಸ್ರಂಗ ಕೇಳಬ್ಯಾಡ. ಕುಂದ್ರು. ಊಟಾತೇನ್ರಿ ಅನ್ನು. ಮುಂದಿಂದು ಅವರ ಹೇಳ್ತಾರ. ನಮ್ಮ ದವಾಖಾನ್ಯಾಗ ನಾ ಮಾಡೂದು ಅಷ್ಟ."

ಮರುದಿನ ಚೀಟಿ ಒಯ್ಯಲಿಲ್ಲ. ಸ್ಟೂಲಿನ ಮೇಲೆ ಕುಳಿತು, "ಅಜ್ಜಿ, ಊಟ ಆಯಿತಾ?" ಎಂದೆ. ಅವರಲ್ಲೂ ಜನ ಎದುರಾದರೆ ಕೇಳುವುದು ಅದನ್ನೇ ಕಾಕಾ! ಆಕೆ ಇತ್ತ ಹೊರಳಿದಳು. ಗಂಜಿಯಲ್ಲಿ ಉಪ್ಪಿಲ್ಲ ಎಂದಳು. ಗಂಡನಿಗೆ ಅಡುಗೆ ಬರುವುದಿಲ್ಲ ಎಂದಳು. ಅರ್ಧ ತಿಳಿಯಿತು, ಅರ್ಧ... ಕೊನೆಗೆ ದನಿ ತಗ್ಗಿಸಿ, ಯಾರಿಗೂ ಹೇಳದ್ದನ್ನು ಹೇಳಿದಳು. ಮಲದ ಬಣ್ಣ ಬದಲಾಗಿದೆಯಂತೆ. ಯಾವ ಬಣ್ಣ? ಆಕೆ ನನ್ನ ಜಡೆ ಹಿಡಿದು ತೋರಿಸಿದಳು. ಕಪ್ಪು! ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ. ಅಂದೇ ಚಿಕಿತ್ಸೆ ಶುರುವಾಯಿತು, ಅಜ್ಜಿ ಉಳಿದಳು. ಎಮ್ಮಾ ಬ್ಯಾಗು ಖಾಲಿ ಮಾಡಿದಳು. "ನನ್ನ ಕೂದಲು ಕೆಂಚು. ನಾನು ಕೇಳಿದ್ದರೆ ಅವಳೇನು ತೋರಿಸುತ್ತಿದ್ದಳು?" ಎಂದು ಅವಳಿಗೆ ಒಂದೇ ಚಿಂತೆ. ಇದನ್ನು ನಿನಗೆ ಹೇಳಿದಾಗ ನೀನು ಫೋನಿನಲ್ಲಿ ಕೆಮ್ಮು ಬರುವಷ್ಟು ನಕ್ಕೆ.

ನೀನು ಹೋದ ಸುದ್ದಿ ಬಂದದ್ದು ನನ್ನ ಕೊನೆಯ ಪರೀಕ್ಷೆಯ ಹೊತ್ತಿಗೆ. "ಬರಬ್ಯಾಡವ್ವಾ, ಮುಗಿಸಿಕೊಂಡ ಬಾ. ಅವಗ ಅದ ಬೇಕಾಗಿತ್ತು" ಎಂದವನು ಅಪ್ಪ. ಬಾಗಿಲಲ್ಲಿ ನಿಂತಿದ್ದ ಅದೇ ಅಪ್ಪ, ಕಾಕಾ.

ಊರಿಗೆ ಬಂದ ಮೇಲೆ ವಿದೇಶದಲ್ಲಿ ಓದಿದವರ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾದೆ. "ಚೀನಾ ಮಾಲು, ಗ್ಯಾರಂಟಿ ಇರಂಗಿಲ್ಲ" ಎಂದು ಓಣಿಯವರು ನಕ್ಕರು. ನನಗೂ ನಗು ಬಂತು, ಸ್ವಲ್ಪ ತಡವಾಗಿ. ಎರಡನೆಯ ಸಲ ಪಾಸು! ಅಪ್ಪ ಮೊದಲ ಪೇಡೆ ಕೊಟ್ಟದ್ದು ಆ ಗ್ಯಾರಂಟಿ ಮಂದಿಗೇ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ನಮ್ಮ ಕಾಕುವಿನ, ಅದೇ ನಿನ್ನ ಹೆಂಡತಿಯ, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನೀನು ಹೋದಾಗಿನಿಂದ ಯಾರಿಗೂ ಹೇಳದೆ ತಡವರಿಸಿಕೊಂಡು ಓಡಾಡುತ್ತಿದ್ದಳು. ಒಂದು ದಿನ ಟಾರ್ಚ್ ಹಿಡಿದು ನೋಡಿದೆ, ಜಗಳಾಡಿ ಬಿಜಾಪುರಕ್ಕೆ ಕರೆದೊಯ್ದು ಮೊದಲು ಒಂದು ಕಣ್ಣಿನ ಆಪರೇಶನ್ ಮಾಡಿಸಿದೆ. ನಿನ್ನೆ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವಳು ಪಡಸಾಲೆಯ ನಿನ್ನ ಫೋಟೋದ ಮುಂದೆ ನಿಂತಳು. ನೀನು ಹೋದ ಮೇಲೆ ತೂಗುಹಾಕಿದ್ದು, ಅವಳು ಸರಿಯಾಗಿ ಕಂಡದ್ದು ಅದೇ ಮೊದಲು.

"ಅಯ್ಯ ಸುಮಿ, ಇವರು ನಗಾಕತ್ತಾರಲ್ಲೇ! ಸಿಟ್ಟಿಲೆ ನೋಡಾಕತ್ತಾರಂತ ತಿಳದು, ನಾ ದಿನಾ ಕೈ ಮುಗದು ತಪ್ಪಾತ್ರಿ, ತಪ್ಪಾತ್ರಿ ಅಂತಿದ್ನೆಲ್ಲಾ!"

ನಿನ್ನ ಸುಮಿ